ಡಿ.ಟಿ.ಪಿ. ಅಂಗಡಿಗೆ ಒಂದು ಲಿನಕ್ಸ್ ಆರಿಸಿದ ನನ್ನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿ ಇದೆ. ಒಂದು ಡೆಸ್ಕ್‌ಟಾಪ್, ಒಂದು ಹಳೆಯ ಲ್ಯಾಪ್‌ಟಾಪ್, ಎರಡು ಪ್ರಿಂಟರ್, ಒಂದು ಝೆರಾಕ್ಸ್ ಯಂತ್ರ, ಟೈಪ್ ಮಾಡಲು ಸಹಾಯಕ್ಕೆ ಒಬ್ಬ ಹುಡುಗಿ. ಇದಿಷ್ಟು ನನ್ನ ಬಂಡವಾಳ. ವಕೀಲರ ಪ್ರಮಾಣಪತ್ರ, ರೈತರ ಅರ್ಜಿ, ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿ, ಮದುವೆಯ ದಿನಗಳಲ್ಲಿ ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಲಗ್ನಪತ್ರಿಕೆ, ಹೀಗೆ ಬೆಳಗಿನಿಂದ ಸಂಜೆಯವರೆಗೆ ಕೈಗೆ ಬಿಡುವಿರುವುದಿಲ್ಲ. 2025ರ ಬೇಸಿಗೆಯಲ್ಲಿ, ವಿಂಡೋಸ್ 10ಕ್ಕೆ ಅಕ್ಟೋಬರ್ 14ರ ನಂತರ ಬೆಂಬಲವಿರುವುದಿಲ್ಲ ಎಂಬ ಸೂಚನೆ ಲ್ಯಾಪ್‌ಟಾಪಿನ ತೆರೆಯ ಮೇಲೆ ಕಾಣಿಸಿಕೊಂಡಿತು. ಅದರಲ್ಲಿದ್ದುದು ಇಂಟೆಲ್‌ನ 4ನೇ ತಲೆಮಾರಿನ ಐ3 ಪ್ರೊಸೆಸರ್ ಮತ್ತು 4 ಜಿಬಿ ರ‍್ಯಾಮ್. ವಿಂಡೋಸ್ 11 ಕೇಳುವುದು ಇಂಟೆಲ್‌ನಲ್ಲಾದರೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್. ಹಾಗಾಗಿ ಆ ದಾರಿ ಮುಚ್ಚಿತ್ತು. ಹೊಸ ಲ್ಯಾಪ್‌ಟಾಪ್ ಕೊಳ್ಳುವಷ್ಟು ಹಣ ಆಗ ಕೈಯಲ್ಲಿರಲಿಲ್ಲ. ದಿನವೂ ಹತ್ತಾರು ಜನರ ಆಧಾರ್ ಪ್ರತಿ, ಪಹಣಿ, ಬ್ಯಾಂಕ್ ಪಾಸ್‌ಬುಕ್ ಹಾದುಹೋಗುವ ಯಂತ್ರವನ್ನು ಭದ್ರತಾ ಅಪ್‌ಡೇಟ್ ಇಲ್ಲದೆ ಇಂಟರ್‌ನೆಟ್ಟಿಗೆ ಜೋಡಿಸಿಡಲು ಮನಸ್ಸೂ ಒಪ್ಪಲಿಲ್ಲ. ವಿಂಡೋಸ್ ಬದಲಿಗೆ ಉಚಿತವಾಗಿ ಹಾಕಿಕೊಳ್ಳಬಹುದಾದ ಲಿನಕ್ಸ್ ಕಡೆಗೆ ನಾನು ತಿರುಗಿದ್ದು ಈ ಕಾರಣಕ್ಕೇ ಹೊರತು ಬೇರಾವ ಆದರ್ಶಕ್ಕೂ ಅಲ್ಲ.

ಇಂಜಿನಿಯರಿಂಗ್ ಓದುತ್ತಿರುವ ನನ್ನ ಅಣ್ಣನ ಮಗನಿಗೆ ವಿಷಯ ತಿಳಿದದ್ದೇ ತಡ, ಸಂಜೆ ಅಂಗಡಿಗೆ ಬಂದು ಕುಳಿತ. "ಅತ್ತಿ, ಹಾಕಿದ್ರ ಆರ್ಚ್ ಹಾಕೋಣ, ಎಲ್ಲಾ ನಮ್ಮ ಕೈಯಾಗೇ ಇರ್ತದ" ಎಂದ. ಆರ್ಚ್ ಎಂದರೆ ಹೆಚ್ಚಿನದನ್ನೆಲ್ಲ ನಾವೇ ಜೋಡಿಸಿಕೊಳ್ಳಬೇಕಾದ ಒಂದು ಬಗೆಯ ಲಿನಕ್ಸ್. "ನನ್ನ ಕೈಯಾಗ ಈಗೇ ಹತ್ತು ಅರ್ಜಿ ಅವ, ಅದೊಂದು ಬ್ಯಾಡೋ ಮಾರಾಯಾ" ಎಂದೆ. ಅವನ ಸಲಹೆ ತಪ್ಪೆಂದಲ್ಲ. ಕಲಿಯುವ ಹುಡುಗನಿಗೆ ಬೇಕಾದ ವ್ಯವಸ್ಥೆಯೇ ಬೇರೆ, ಗಿರಾಕಿ ಎದುರಿಗೆ ನಿಂತಿರುವಾಗ ನಡೆಯಬೇಕಾದ ವ್ಯವಸ್ಥೆಯೇ ಬೇರೆ. ಆದರೂ ಮುಂದಿನ ಎರಡು ವಾರ ನಾನು ಹೆಸರುಗಳ ಕಾಡಿನಲ್ಲೇ ಅಲೆದೆ. ಉಬುಂಟು, ಮಿಂಟ್, ಫೆಡೋರಾ, ಡೆಬಿಯನ್, ಬಾಸ್ ಮುಂತಾದ ಹೆಸರುಗಳನ್ನು ಹೋಲಿಸಿ ಮಾಡಿದ ವಿಡಿಯೋಗಳನ್ನು ರಾತ್ರಿ ಊಟವಾದ ಮೇಲೆ ನೋಡುತ್ತಾ ಕುಳಿತರೆ ಪ್ರತಿಯೊಂದೂ ಒಳ್ಳೆಯದಾಗಿಯೇ ಕಾಣುತ್ತಿತ್ತು.

ಇವೆಲ್ಲ ಬೇರೆ ಬೇರೆ ಕಾರ್ಯಾಚರಣಾ ವ್ಯವಸ್ಥೆಗಳೆಂದು ನಾನು ಮೊದಲು ತಿಳಿದಿದ್ದೆ. ಒಳಗಿನ ತಿರುಳು ಒಂದೇ ಎಂಬುದು ಆಮೇಲೆ ತಿಳಿಯಿತು. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬರೆಯತೊಡಗಿದ ಲಿನಕ್ಸ್ ಕರ್ನೆಲ್ ಮತ್ತು ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯ ಸಲಕರಣೆಗಳು ಇವೆಲ್ಲಕ್ಕೂ ಆಧಾರ. ನಮ್ಮ ಊರಿನ ಭಾಷೆಯಲ್ಲಿ ಹೇಳುವುದಾದರೆ ತೊಗರಿ ಒಂದೇ, ದಾಲ್ ಮಿಲ್ ಬೇರೆ ಬೇರೆ. ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಹಸನು ಮಾಡಿ, ತಮ್ಮ ಚೀಲದಲ್ಲಿ ತುಂಬಿ, ತಮ್ಮ ಹೆಸರು ಅಚ್ಚೊತ್ತಿ ಕಳಿಸುತ್ತಾರೆ. ಹೀಗೆ ತುಂಬಿ ಕೊಟ್ಟದ್ದನ್ನು ಡಿಸ್ಟ್ರಿಬ್ಯೂಷನ್, ಮಾತಿನಲ್ಲಿ ಡಿಸ್ಟ್ರೋ, ಎನ್ನುತ್ತಾರೆ. ಇವುಗಳ ನಡುವೆ ವಂಶಾವಳಿಯೂ ಇದೆ. 1993ರಲ್ಲಿ ಆರಂಭವಾದ ಡೆಬಿಯನ್ನಿನ ಮೇಲೆ 2004ರಲ್ಲಿ ಉಬುಂಟು ಬಂತು. ಉಬುಂಟುವಿನ ಮೇಲೆ 2006ರಲ್ಲಿ ಲಿನಕ್ಸ್ ಮಿಂಟ್ ಬಂತು. ಹೊಸಬರಿಗೆ ಈ ವಂಶಾವಳಿಯಿಂದ ದೊಡ್ಡ ಉಪಯೋಗವಿದೆ: ಉಬುಂಟುವಿಗೆಂದು ಯಾರೋ ಬರೆದಿಟ್ಟ ಪರಿಹಾರ ಮಿಂಟ್‌ನಲ್ಲೂ ಬಹುಮಟ್ಟಿಗೆ ಹಾಗೆಯೇ ನಡೆಯುತ್ತದೆ.

ವಿಡಿಯೋ ನೋಡುವುದನ್ನು ನಿಲ್ಲಿಸಿ, ಒಂದು ಬೆಳಿಗ್ಗೆ ಪ್ರಿಂಟ್ ಕೆಟ್ಟುಹೋದ ಎ4 ಹಾಳೆಯ ಹಿಂಬದಿಯಲ್ಲಿ ಒಂದು ಪಟ್ಟಿ ಬರೆದೆ. ಯಾವ ಡಿಸ್ಟ್ರೋ ಒಳ್ಳೆಯದು ಎಂಬ ಪಟ್ಟಿಯಲ್ಲ ಅದು. ಆ ಲ್ಯಾಪ್‌ಟಾಪಿನಲ್ಲಿ ನಾವಿಬ್ಬರೂ ಒಂದು ದಿನದಲ್ಲಿ ನಿಜವಾಗಿ ಮಾಡುವ ಕೆಲಸಗಳ ಪಟ್ಟಿ. ನುಡಿ ತಂತ್ರಾಂಶದ ಕೀಲಿಮಣೆ ವಿನ್ಯಾಸದಲ್ಲೇ ಕನ್ನಡ ಟೈಪ್ ಆಗಬೇಕು, ಹತ್ತು ವರ್ಷಗಳ ಹಳೆಯ ನುಡಿ ಕಡತಗಳು ತೆರೆಯಬೇಕು, ಸರ್ಕಾರದ ಜಾಲತಾಣಗಳಲ್ಲಿ ಅರ್ಜಿ ತುಂಬಲು ಬರಬೇಕು, ಎರಡರಲ್ಲಿ ಒಂದಾದರೂ ಪ್ರಿಂಟರ್ ನಡೆಯಬೇಕು, ಉರ್ದು ಲಗ್ನಪತ್ರಿಕೆ ಆಗಬೇಕು, ಗಿರಾಕಿಗಳ ಬೆರಳ ಗುರುತು ತೆಗೆಯುವ ಬೆರಳಚ್ಚು ಸಾಧನ ನಡೆಯಬೇಕು. ಕೊನೆಗೆ ಇನ್ನೊಂದು ಸೇರಿಸಿದೆ: ಕೆಟ್ಟರೆ ಬೇರೆಯವರನ್ನು ಕರೆಯದೆ ನಾನೇ ಮೊದಲಿನ ಸ್ಥಿತಿಗೆ ತರುವಂತಿರಬೇಕು. ಈ ಹಾಳೆಯನ್ನು ಗೋಡೆಗೆ ಅಂಟಿಸಿದ ಮೇಲೆ ಆಯ್ಕೆ ಬಹಳ ಸುಲಭವಾಯಿತು.

ಫೆಡೋರಾ ಮೊದಲು ಹೊರಬಿತ್ತು. ಅದರ ಹೊಸ ಆವೃತ್ತಿ ಸುಮಾರು ಆರು ತಿಂಗಳಿಗೊಮ್ಮೆ ಬರುತ್ತದೆ, ಒಂದು ಆವೃತ್ತಿಗೆ ಬೆಂಬಲ ಸಿಗುವುದು ಸುಮಾರು 13 ತಿಂಗಳು. ವರ್ಷಕ್ಕೊಮ್ಮೆಯಾದರೂ ಇಡೀ ವ್ಯವಸ್ಥೆಯನ್ನು ಮೇಲಕ್ಕೇರಿಸುವ ಗೊಡವೆ ಅಂಗಡಿಗೆ ಬೇಡವೆನಿಸಿತು. ನಿರಂತರ ಬದಲಾಗುತ್ತಲೇ ಇರುವ ಆರ್ಚ್ ಸಹ ಇದೇ ಕಾರಣಕ್ಕೆ ಹೋಯಿತು. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ಡೆಬಿಯನ್ ಆಧರಿಸಿ ರೂಪಿಸಿದ, ಭಾರತೀಯ ಭಾಷೆಗಳಿಗೆ ಒತ್ತು ಕೊಟ್ಟ ಬಾಸ್ ಬಗ್ಗೆ ನನಗೆ ಅಭಿಮಾನವಿತ್ತು. ಆದರೆ ರಾತ್ರಿ ಒಂಬತ್ತಕ್ಕೆ ಏನಾದರೂ ಅಡ್ಡಿಯಾದರೆ ಉತ್ತರ ಹುಡುಕಲು ಉಬುಂಟು ಬಳಗದಷ್ಟು ದೊಡ್ಡ ಬಳಗ ಬೇಕೆಂದು ಅದನ್ನು ಬದಿಗಿಟ್ಟೆ. ಡೆಬಿಯನ್ ಗಟ್ಟಿಯಾದದ್ದು, ಅದರ 12ನೇ ಆವೃತ್ತಿಯಿಂದ ವೈಫೈಯಂಥ ಭಾಗಗಳಿಗೆ ಬೇಕಾದ ಫರ್ಮ್‌ವೇರ್ ಕೂಡ ಅನುಸ್ಥಾಪನೆಯ ಕಡತದಲ್ಲೇ ಬರುತ್ತದೆ. ಎರಡನೆಯ ಸಲ ಆರಿಸುವ ಅವಕಾಶ ಬಂದರೆ ಅದನ್ನೇ ಹಿಡಿದೇನು. ಮೊದಲ ಸಲಕ್ಕೆ ನನಗೆ ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಹುಡುಕಿ ತೋರಿಸುವ ಕಿಟಕಿಯೊಂದು ಬೇಕಿತ್ತು. ಹೀಗೆ ಉಳಿದದ್ದು ಉಬುಂಟು 24.04 ಮತ್ತು ಅದನ್ನೇ ಆಧರಿಸಿದ ಮಿಂಟ್ 22.1. ಎರಡಕ್ಕೂ 2029ರವರೆಗೆ ಬೆಂಬಲವಿದೆ.

ಉಬುಂಟುವಿನ ಕಡತ ಸುಮಾರು 6 ಜಿಬಿ, ಮಿಂಟ್‌ನದು ಸುಮಾರು 3 ಜಿಬಿ. ನಮ್ಮಲ್ಲಿ ಮೇ ತಿಂಗಳಲ್ಲಿ ಬಿಸಿಲು ಏರಿದಂತೆ ಕರೆಂಟೂ ಹೋಗಿಬರುತ್ತಿರುತ್ತದೆ. ಮಿಂಟ್ ಇಳಿಸಿಕೊಳ್ಳುತ್ತಿದ್ದಾಗ ನಡುವೆ ಒಮ್ಮೆ ಕರೆಂಟ್ ಹೋಗಿ ಮತ್ತೆ ಬಂತು; ಬ್ರೌಸರ್ ಕೆಲಸ ಮುಗಿಯಿತೆಂದು ತೋರಿಸಿತು. ಕಡತ ಸರಿಯಾಗಿ ಇಳಿದಿದೆಯೇ ಎಂದು ತಿಳಿಯಲು ಅದರ ಜೊತೆ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತವನ್ನು ತಾಳೆ ನೋಡಬೇಕೆಂದು ಓದಿದ್ದೆನಾದರೂ, 64 ಅಕ್ಷರಗಳ ಆ ಸಾಲು ನನಗೆ ಮಂತ್ರದಂತೆ ಕಂಡು, ಬಿಟ್ಟುಬಿಡೋಣ ಎನಿಸಿತ್ತು. ಬಿಡದೆ ನೋಡಿದ್ದು ಒಳ್ಳೆಯದಾಯಿತು. ನನ್ನ ಕಡತದ ಮೊತ್ತ ಮೊದಲ ಅಕ್ಷರದಿಂದಲೇ ಬೇರೆಯಾಗಿತ್ತು. ಎರಡನೆಯ ಸಲ ಇಳಿಸಿಕೊಂಡಾಗ ಸರಿಹೊಂದಿತು. ಹಾಳಾದ ಕಡತವನ್ನೇ ಪೆನ್‌ಡ್ರೈವಿಗೆ ಬರೆದು ಅನುಸ್ಥಾಪನೆಗೆ ಕೂತಿದ್ದರೆ ಎಲ್ಲಿ ತಪ್ಪಿತೆಂದು ತಿಳಿಯದೆ ಲಿನಕ್ಸನ್ನೇ ಬೈದು ಎದ್ದುಬರುತ್ತಿದ್ದೆ. ಪೆನ್‌ಡ್ರೈವಿಗೆ ಬರೆಯಲು ರೂಫಸ್ ಎಂಬ ಚಿಕ್ಕ ತಂತ್ರಾಂಶ ಬಳಸಿದೆ. ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿದುಹೋಗುತ್ತದೆ ಎಂಬುದನ್ನು ಬಿಟ್ಟರೆ ಅದರಲ್ಲಿ ತಲೆಕೆಡಿಸಿಕೊಳ್ಳುವಂಥದ್ದೇನೂ ಇರಲಿಲ್ಲ.

ಲಿನಕ್ಸಿನ ಒಂದು ದೊಡ್ಡ ಅನುಕೂಲವೆಂದರೆ ಡಿಸ್ಕಿಗೆ ಏನೂ ಬರೆಯದೆ ಪೆನ್‌ಡ್ರೈವಿನಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಿ ನೋಡಬಹುದು. ಇದಕ್ಕೆ ಲೈವ್ ಸೆಷನ್ ಎನ್ನುತ್ತಾರೆ. ಹೆಚ್ಚಿನವರು ಹತ್ತು ನಿಮಿಷ ಮೆನು ತೆರೆದು, ಬಣ್ಣ ನೋಡಿ, ಚೆನ್ನಾಗಿದೆ ಎಂದು ಮುಗಿಸಿಬಿಡುತ್ತಾರೆ. ನಾನು ಅಂಗಡಿಗೆ ರಜೆಯಿರುವ ಎರಡು ಭಾನುವಾರಗಳನ್ನು ಪೂರ್ತಿ ಇದಕ್ಕೇ ಇಟ್ಟೆ. ಗೋಡೆಯ ಹಾಳೆ ಎದುರಿಗಿತ್ತು.

ಉಬುಂಟು 24.04 ಡೆಸ್ಕ್‌ಟಾಪ್ ತನಗೆ 4 ಜಿಬಿ ರ‍್ಯಾಮ್ ಬೇಕೆಂದು ಹೇಳುತ್ತದೆ. ನನ್ನ ಬಳಿ ಒಟ್ಟು ಇದ್ದುದೇ ಅಷ್ಟು. ಬ್ರೌಸರಿನಲ್ಲಿ ನಾಲ್ಕು ಪುಟ, ಜೊತೆಗೆ ವರ್ಡ್‌ನಂಥ ಕೆಲಸಕ್ಕಿರುವ ಲಿಬ್ರೆಆಫೀಸ್ ತೆರೆದಾಗ ಯಂತ್ರ ಉಸಿರು ಕಟ್ಟಿದಂತೆ ಆಡಿತು. ಇದು ಉಬುಂಟುವಿನ ದೋಷವಲ್ಲ, ನನ್ನ ಲ್ಯಾಪ್‌ಟಾಪಿನ ವಯಸ್ಸು. ಮಿಂಟ್‌ನಲ್ಲಿ ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂದು ಮೂರು ರೂಪಗಳಿವೆ. ಒಳಗಿನದು ಒಂದೇ, ಕಣ್ಣಿಗೆ ಕಾಣುವ ಡೆಸ್ಕ್‌ಟಾಪ್ ಬೇರೆ. ಎಕ್ಸ್‌ಎಫ್‌ಸಿಇ ಇವುಗಳಲ್ಲಿ ಹಗುರವಾದದ್ದು. ಏನೂ ತೆರೆಯದಿದ್ದಾಗ ನನ್ನ ಯಂತ್ರದಲ್ಲಿ ಅದು ಒಂದು ಜಿಬಿಗಿಂತ ಕಡಿಮೆ ರ‍್ಯಾಮ್ ತೆಗೆದುಕೊಂಡಿತು. ಕೆಳಗೆ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ. ಸಹಾಯಕಿ ಹುಡುಗಿಗೆ ಹೊಸದಾಗಿ ಕಲಿಸುವ ಅಗತ್ಯವೂ ಇರಲಿಲ್ಲ. ವೈಫೈ ಮಾತ್ರ ಕಾಣಿಸಲೇ ಇಲ್ಲ. ಇಂಟರ್‌ನೆಟ್ ಇಲ್ಲದೆ ವೈಫೈ ಡ್ರೈವರ್ ಇಳಿಸುವುದು ಹೇಗೆ, ಡ್ರೈವರ್ ಇಲ್ಲದೆ ಇಂಟರ್‌ನೆಟ್ ತರುವುದು ಹೇಗೆ ಎಂದು ಅರ್ಧ ಗಂಟೆ ಸುಮ್ಮನೆ ಕೂತೆ. ಮೊಬೈಲನ್ನು ಚಾರ್ಜರ್ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಜೋಡಿಸಿ ಯುಎಸ್‌ಬಿ ಟೆದರಿಂಗ್ ಒತ್ತಿದರೆ ಮೊಬೈಲಿನ ಇಂಟರ್‌ನೆಟ್ ನೇರವಾಗಿ ಬರುತ್ತದೆ ಎಂದು ಅಣ್ಣನ ಮಗ ಫೋನಿನಲ್ಲಿ ಹೇಳಿದ. ಆಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತಾನೇ ಬೇಕಾದ ಡ್ರೈವರ್ ಹುಡುಕಿ ಹಾಕಿತು. ಆರ್ಚ್ ಬೇಡವೆಂದದ್ದಕ್ಕೆ ಬೇಸರಗೊಂಡಿದ್ದ ಹುಡುಗ ಅಂದಿನಿಂದ ಮತ್ತೆ ಅಂಗಡಿಗೆ ಬರತೊಡಗಿದ.

ಕನ್ನಡ ಟೈಪಿಂಗ್ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮಂಥವರ ಆಯ್ಕೆ ನಿಲ್ಲುವುದೂ ಬೀಳುವುದೂ ಇಲ್ಲಿಯೇ. ಕೆ.ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸದಿಂದ ಬೆಳೆದ, ನುಡಿಯಲ್ಲಿ ನಾವೆಲ್ಲ ಕಲಿತ ಕೀಲಿಮಣೆಗೆ ನನ್ನ ಬೆರಳುಗಳು ಒಗ್ಗಿಹೋಗಿವೆ. ಒತ್ತಕ್ಷರಕ್ಕೆ ಇಂಗ್ಲಿಷಿನ ಎಫ್ ಕೀಲಿಯ ಮೇಲೆ ಬೆರಳು ತಾನಾಗಿ ಹೋಗುತ್ತದೆ. ಮಿಂಟ್‌ನ ಕೀಲಿಮಣೆ ಸೆಟ್ಟಿಂಗಿನಲ್ಲೇ ಕಗಪ ಹೆಸರಿನ ಕನ್ನಡ ವಿನ್ಯಾಸ ಇದ್ದುದನ್ನು ಕಂಡು ಕೆಲಸವಾಯಿತೆಂದುಕೊಂಡೆ. ಟೈಪ್ ಮಾಡಲು ಹೋದರೆ ಅಕ್ಷರಗಳು ಎಡವಿದವು. ಅದು ಒಂದು ಕೀಲಿಗೆ ಒಂದು ಸಂಕೇತ ಎಂಬ ಸರಳ ಕ್ರಮ. ಮೊದಲು ಯಾವ ವ್ಯಂಜನ ಬಂದಿದೆ ಎಂದು ನೋಡಿ ಸ್ವರವನ್ನು ಗುಣಿತವಾಗಿ ಬದಲಿಸುವ ಜಾಣತನ ಅದಕ್ಕಿಲ್ಲ. ಆ ಜಾಣತನ ಇರುವುದು ಐಬಸ್ ಎಂಬ ತಂತ್ರಾಂಶದಲ್ಲಿ. ಐಬಸ್ ಮತ್ತು ಅದರ ಎಂ17ಎನ್ ಜೋಡಣೆಯನ್ನು ಹಾಕಿಕೊಂಡು, ಕನ್ನಡದ ಪಟ್ಟಿಯಿಂದ ಕೆಜಿಪಿ ಎಂಬುದನ್ನು ಆರಿಸಿದರೆ ನುಡಿಯಲ್ಲಿ ಟೈಪ್ ಮಾಡಿದಂತೆಯೇ ಆಗುತ್ತದೆ. ಹೊಸಬರು ಮೊದಲನೆಯದನ್ನು ನೋಡಿ "ಲಿನಕ್ಸ್‌ನಲ್ಲಿ ಕನ್ನಡ ಸರಿಯಿಲ್ಲ" ಎಂದು ಬಿಟ್ಟುಹೋಗುವ ಸಂಭವ ಬಹಳ. ಎರಡರ ಹೆಸರೂ ಒಂದೇ ಬಗೆಯವಾದ್ದರಿಂದ ತಪ್ಪು ಅವರದ್ದಲ್ಲ. ಲೈವ್ ಸೆಷನ್ನಿನಲ್ಲೇ ಐಬಸ್ ಹಾಕಿ ನೋಡಬಹುದು. ಯಂತ್ರ ಬಂದ್ ಮಾಡಿದಾಗ ಅದು ಅಳಿದುಹೋಗುತ್ತದೆ, ಪರೀಕ್ಷೆಗೆ ಅಷ್ಟು ಸಾಕು. ಅಕ್ಷರಶೈಲಿಗಳಲ್ಲಿ ನೋಟೋ, ಲೋಹಿತ್ ಜೊತೆಗೆ ಗುಬ್ಬಿ, ನವಿಲು ಎಂಬ ಎರಡು ಕನ್ನಡ ಹೆಸರುಗಳು ತಂತ್ರಾಂಶದ ಪಟ್ಟಿಯಲ್ಲಿ ಕಂಡಾಗ, ಯಾರೋ ನಮ್ಮವರು ನಮಗಿಂತ ಮೊದಲೇ ಇಲ್ಲಿಗೆ ಬಂದುಹೋಗಿದ್ದಾರೆ ಎನಿಸಿ ಸಂತೋಷವಾಯಿತು.

ಹಳೆಯ ಕಡತಗಳದ್ದು ಬೇರೆಯೇ ಕಥೆ. ಪ್ರತಿ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್ ಪದ್ಧತಿಯನ್ನು ಬಳಸದ ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳೊಳಗೆ ನಿಜವಾಗಿ ಕನ್ನಡದ ಸಂಕೇತಗಳಿಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಅಕ್ಷರಶೈಲಿಯಿಂದ ಕನ್ನಡ ಕಾಣಿಸುತ್ತದೆ ಅಷ್ಟೇ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ತಲೆಯ ಮೇಲೆ ಕೊಂಬು ಮೂಡಿದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತದೆ. ಮೊದಲ ಸಲ ಅದನ್ನು ಕಂಡಾಗ ಹತ್ತು ವರ್ಷಗಳ ದುಡಿಮೆ ಹೋಯಿತೆಂದು ಕೈಕಾಲು ತಣ್ಣಗಾಯಿತು. ವಿಂಡೋಸ್ ಯಂತ್ರದಲ್ಲಿದ್ದ ಅದೇ ಅಕ್ಷರಶೈಲಿಯ ಕಡತಗಳನ್ನು ಮಿಂಟ್‌ನಲ್ಲೂ ಹಾಕಿದ ಮೇಲೆ ಲಿಬ್ರೆಆಫೀಸ್‌ನಲ್ಲಿ ಎಲ್ಲವೂ ಮೊದಲಿನಂತೆ ಓದಲು ಬಂತು. ಓದುವುದು, ಮುದ್ರಿಸುವುದು ಹೀಗಾಯಿತು. ತಿದ್ದಬೇಕೆಂದರೆ ಯುನಿಕೋಡ್‌ಗೆ ಬದಲಿಸಲೇಬೇಕು. ಪರಿವರ್ತಕ ತಂತ್ರಾಂಶಗಳು ಬಹುಪಾಲು ಸರಿಯಾಗಿ ಬದಲಿಸುತ್ತವೆ, ಆದರೆ ಅರ್ಕಾವತ್ತು ಇರುವಲ್ಲಿ ಕಣ್ಣಿಡಬೇಕು. ಹಳೆಯ ಪದ್ಧತಿಯಲ್ಲಿ ಅರ್ಕಾವತ್ತಿನ ಗುರುತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ರಕಾರ ಅಕ್ಷರಕ್ಕಿಂತ ಮೊದಲು ನಿಲ್ಲುತ್ತದೆ. ಈ ಹಿಂದುಮುಂದು ತಪ್ಪಿದರೆ "ಅರ್ಜಿ" ಎಂಬುದು "ಅಜಿ೯" ಎಂದಾಗುತ್ತದೆ. ನನ್ನ ಅಂಗಡಿಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಟೈಪ್ ಆಗುವ ಶಬ್ದವೇ ಅದಾದ್ದರಿಂದ ತಪ್ಪು ಬೇಗ ಕಣ್ಣಿಗೆ ಬಿತ್ತು.

ಪ್ರಿಂಟರ್‌ಗಳಲ್ಲಿ ಎಚ್‌ಪಿಯದು ಕೇಬಲ್ ಜೋಡಿಸಿದ ಕೂಡಲೇ ಗುರುತು ಸಿಕ್ಕಿತು. ಆ ಕಂಪನಿಯೇ ಲಿನಕ್ಸ್‌ಗೆಂದು ಎಚ್‌ಪಿಎಲ್‌ಐಪಿ ಎಂಬ ಮುಕ್ತ ತಂತ್ರಾಂಶವನ್ನು ಕೊಟ್ಟಿದೆ. ಇನ್ನೊಂದು ಕಂಪನಿಯ, ನಾನು ಹೆಚ್ಚು ನೆಚ್ಚಿಕೊಂಡಿರುವ ಲೇಸರ್ ಪ್ರಿಂಟರ್ ಮಾತ್ರ ಎರಡು ಭಾನುವಾರ ಕೂತರೂ ಒಂದು ಹಾಳೆ ಬಿಡಲಿಲ್ಲ. ಬೆರಳಚ್ಚು ಸಾಧನದ ತಂತ್ರಾಂಶ ವಿಂಡೋಸ್ ಮತ್ತು ಆಂಡ್ರಾಯ್ಡ್‌ಗೆ ಮಾತ್ರ ಇತ್ತು. ಉರ್ದುವಿನಲ್ಲಿ ನೋಟೋ ನಸ್ತಾಲೀಕ್ ಅಕ್ಷರಶೈಲಿಯಿಂದ ಲಿಬ್ರೆಆಫೀಸ್‌ನಲ್ಲಿ ಅರ್ಜಿಯೊಂದನ್ನು ಚೆನ್ನಾಗಿಯೇ ಬರೆಯಬಹುದು. ಲಗ್ನಪತ್ರಿಕೆಯ ಮಾತು ಬೇರೆ, ಗಿರಾಕಿಗಳು ತರುವ ಹಳೆಯ ಮಾದರಿಗಳೆಲ್ಲ ಇನ್‌ಪೇಜ್‌ನಲ್ಲಿರುತ್ತವೆ, ಅದು ವಿಂಡೋಸ್ ತಂತ್ರಾಂಶ. ಪಟ್ಟಿಯ ಏಳರಲ್ಲಿ ಉರ್ದು ಲಗ್ನಪತ್ರಿಕೆ ಮತ್ತು ಬೆರಳಚ್ಚು ಎರಡೂ ಹೀಗೆ ಉಳಿದುಕೊಂಡವು. ಅವನ್ನೂ ಲೇಸರ್ ಪ್ರಿಂಟರನ್ನೂ ವಿಂಡೋಸ್ 11 ಇರುವ ಡೆಸ್ಕ್‌ಟಾಪಿಗೆ ಒಪ್ಪಿಸಿ ಲ್ಯಾಪ್‌ಟಾಪಿಗೆ ಮಿಂಟ್ ಎಕ್ಸ್‌ಎಫ್‌ಸಿಇ ಎಂದು ತೀರ್ಮಾನಿಸಿದೆ. ಎಲ್ಲವನ್ನೂ ಒಂದೇ ದಿನ ಬದಲಿಸಬೇಕೆಂಬ ಹಟವನ್ನು ನಾನು ಮಾಡಲಿಲ್ಲ, ಮಾಡುವವರನ್ನು ಕಂಡರೆ ನನಗೆ ಭಯ.

ಅನುಸ್ಥಾಪನೆಯಲ್ಲಿ ನಾನು ಮಾಡಿದ ಒಂದೇ ಜಾಣತನವೆಂದರೆ ಹಳೆಯ ಹಾರ್ಡ್‌ಡಿಸ್ಕನ್ನು ಮುಟ್ಟದಿದ್ದದ್ದು. ಒಂದೇ ಡಿಸ್ಕಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಡಬಹುದು. ಅಣ್ಣನ ಮಗನ ಲ್ಯಾಪ್‌ಟಾಪ್ ಹಾಗೇ ಇದೆ. ಅವನು ಲಿನಕ್ಸಿನಿಂದ ವಿಂಡೋಸ್‌ಗೆ ಹೋದಾಗಲೆಲ್ಲ ಗಡಿಯಾರ ಐದೂವರೆ ಗಂಟೆ ಹಿಂದೆ ಬೀಳುತ್ತಿತ್ತು, ಏಕೆಂದರೆ ಯಂತ್ರದ ಒಳಗಡಿಯಾರದಲ್ಲಿ ಲಿನಕ್ಸ್ ಜಾಗತಿಕ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಸ್ಥಳೀಯ ಸಮಯವೆಂದು ಓದುತ್ತದೆ. ಒಂದು ಸೆಟ್ಟಿಂಗಿನಿಂದ ಅದು ಸರಿಯಾಯಿತು, ಆದರೆ ಅಂಥ ಒಗಟುಗಳನ್ನು ಬಿಡಿಸುವ ಪುರುಸೊತ್ತು ನನಗಿರಲಿಲ್ಲ. 240 ಜಿಬಿಯ ಹೊಸ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿಗಿಂತ ವೇಗವಾದ ಡಿಸ್ಕ್) ಕೊಂಡು, ಹಳೆಯ ಡಿಸ್ಕನ್ನು ಬಿಚ್ಚಿ ತೆಗೆದು, ಅದರ ಜಾಗದಲ್ಲಿ ಕೂರಿಸಿದೆ. ಇನ್ನು ಏನೇ ತಪ್ಪು ಮಾಡಿದರೂ ಹಳೆಯ ಡಿಸ್ಕ್ ಮತ್ತೆ ಜೋಡಿಸಿದರೆ ಮೊದಲಿನ ಅಂಗಡಿ ಹಾಗೇ ಸಿಗುತ್ತದೆ ಎಂಬ ಧೈರ್ಯ ಬಂದ ಮೇಲೆ ಅನುಸ್ಥಾಪನೆ ಒಂದು ಚಹಾ ಕುಡಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಇಡೀ ಬದಲಾವಣೆಗೆ ಖರ್ಚಾದದ್ದು ಎಸ್‌ಎಸ್‌ಡಿಗೆ ಕೊಟ್ಟ ಹಣ ಮಾತ್ರ; ಲ್ಯಾಪ್‌ಟಾಪ್ ಬೇಗ ಕೆಲಸಮಾಡತೊಡಗಿದ್ದಕ್ಕೆ ಅರ್ಧ ಶ್ರೇಯ ಆ ಎಸ್‌ಎಸ್‌ಡಿಯದೇ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮರುದಿನ ಸಹಾಯಕಿ ಹುಡುಗಿ ಬಂದು ಕುಳಿತು, ಸ್ವಲ್ಪ ಹೊತ್ತು ಟೈಪ್ ಮಾಡಿ, "ಅಕ್ಕಾ, ಇದರಾಗ ವರ್ಡ್‌ನ ಹೆಸರು ಬ್ಯಾರೆ ಅದ ಏನ್ರಿ?" ಎಂದು ಕೇಳಿದಳು. ಲಿಬ್ರೆಆಫೀಸ್ ರೈಟರ್ ಎಂದೆ. ಅವಳಿಗೆ ಬಂದ ನಿಜವಾದ ಕಷ್ಟ ವಾರದ ನಂತರದ್ದು: ಇಲ್ಲಿ ಬರೆದ ಕಡತವನ್ನು ಪೆನ್‌ಡ್ರೈವಿನಲ್ಲಿ ಡೆಸ್ಕ್‌ಟಾಪಿಗೆ ಒಯ್ದರೆ ಅಲ್ಲಿ ಅಕ್ಷರಶೈಲಿ ಬದಲಾಗಿ ಸಾಲುಗಳು ಜಿಗಿಯುತ್ತಿದ್ದವು. ಮುದ್ರಣಕ್ಕೆ ಹೋಗುವುದೆಲ್ಲ ಪಿಡಿಎಫ್ ಆಗಿಯೇ ಹೋಗಬೇಕು ಎಂಬ ನಿಯಮ ಮಾಡಿದೆ. ಪಿಡಿಎಫ್‌ನೊಳಗೆ ಅಕ್ಷರಶೈಲಿ ಸೇರಿಯೇ ಇರುವುದರಿಂದ ಒತ್ತಕ್ಷರ ಒಡೆಯುವುದಿಲ್ಲ. ಪುಟ ವಿನ್ಯಾಸಕ್ಕೆ ಬಳಸುತ್ತಿದ್ದ ಪೇಜ್‌ಮೇಕರ್‌ನ ಜಾಗಕ್ಕೆ ಸ್ಕ್ರೈಬಸ್ ತಂದೆವು. ಹಿಂದೆ ಅದರ 1.4 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ, ಗುಣಿತ ಸರಿಯಾಗಿ ಕೂರುತ್ತಿರಲಿಲ್ಲ. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಆ ತೊಂದರೆ ಇಲ್ಲ. ಕೈ ಪಳಗಲು ನನಗೆ ಒಂದು ತಿಂಗಳು ಹಿಡಿಯಿತು, ಈಗಲೂ ಅವಸರದ ಲಗ್ನಪತ್ರಿಕೆ ಬಂದರೆ ಡೆಸ್ಕ್‌ಟಾಪಿನ ಕಡೆಗೇ ಕುರ್ಚಿ ಎಳೆದುಕೊಳ್ಳುತ್ತೇನೆ.

ಪಟ್ಟಿಯ ಕೊನೆಯ ಸಾಲನ್ನು ಪೂರೈಸಿದ್ದು ಟೈಮ್‌ಶಿಫ್ಟ್. ಮಿಂಟ್ ಜೊತೆಗೇ ಬರುವ ಈ ತಂತ್ರಾಂಶ ವ್ಯವಸ್ಥೆಯ ಸ್ಥಿತಿಯನ್ನು ಆಗಾಗ ನಕಲು ಮಾಡಿಡುತ್ತದೆ. ಸಾಮಾನ್ಯ ಸೆಟ್ಟಿಂಗಿನಲ್ಲಿ ಅದು ನಮ್ಮ ಕಡತಗಳನ್ನು ನಕಲು ಮಾಡುವುದಿಲ್ಲ, ಅದಕ್ಕೆ ಬೇರೆ ಡಿಸ್ಕಿನಲ್ಲಿ ನಾವೇ ಪ್ರತಿ ಇಟ್ಟುಕೊಳ್ಳಬೇಕು. ಜುಲೈನಲ್ಲಿ ಆ ಲೇಸರ್ ಪ್ರಿಂಟರನ್ನು ಮತ್ತೊಮ್ಮೆ ಪಳಗಿಸಲು ಹೋಗಿ, ಎಲ್ಲಿಂದಲೋ ತಂದ ಡ್ರೈವರ್ ಹಾಕಿ, ಕೊನೆಗೆ ಎಚ್‌ಪಿ ಪ್ರಿಂಟರೂ ನಿಂತುಹೋಗುವಂತೆ ಮಾಡಿಕೊಂಡೆ. ಹೊರಗೆ ಇಬ್ಬರು ವಕೀಲರು ಕಾಯುತ್ತಿದ್ದರು. ಟೈಮ್‌ಶಿಫ್ಟ್ ತೆರೆದು ಹಿಂದಿನ ದಿನದ ಸ್ಥಿತಿಗೆ ಮರಳಿದೆ. ಯಂತ್ರ ಮತ್ತೆ ಚಾಲೂ ಆಗುವಷ್ಟರಲ್ಲಿ ಅವರ ಚಹಾ ಮುಗಿದಿತ್ತು, ಅಷ್ಟೇ. ಸೆಪ್ಟೆಂಬರಿನಲ್ಲಿ 22.2 ಆವೃತ್ತಿ ಬಂದಾಗ ಮೊದಲು ಒಂದು ನಕಲು ಮಾಡಿಟ್ಟು, ಅಪ್‌ಡೇಟ್ ಮ್ಯಾನೇಜರ್ ಮೂಲಕವೇ ಮೇಲೇರಿದೆ, ಯಾವ ತೊಂದರೆಯೂ ಆಗಲಿಲ್ಲ.

ಹಳೆಯ ಹಾರ್ಡ್‌ಡಿಸ್ಕ್ ಈಗ ಯುಎಸ್‌ಬಿ ಡಬ್ಬಿಯೊಂದರಲ್ಲಿ ಅಲಮಾರಿಯಲ್ಲಿದೆ. ಇದುವರೆಗೆ ಎರಡು ಸಲ ತೆಗೆದಿದ್ದೇನೆ: ಒಮ್ಮೆ ಮರೆತಿದ್ದ ನುಡಿಯ ಅಕ್ಷರಶೈಲಿಯೊಂದಕ್ಕೆ, ಇನ್ನೊಮ್ಮೆ ಆಳಂದ ಕಡೆಯ ಗಿರಾಕಿಯೊಬ್ಬರು 2016ರಲ್ಲಿ ಮಾಡಿಸಿದ್ದ ಅರ್ಜಿಯ ಪ್ರತಿ ಬೇಕೆಂದು ಬಂದಾಗ. ಅಲ್ಲಿಯೂ ಅರ್ಕಾವತ್ತನ್ನು ಕೈಯಾರೆ ತಿದ್ದಬೇಕಾಯಿತು.